ಲಿನಕ್ಸ್ ಅಂಗೈ ಸಾಧನಗಳಲ್ಲಿ ಯುಎಸ್‌ಬಿ ಮೋಡೆಮ್ ಬಳಕೆ: ಸಾಣಾಪುರ ಭಾಗದ ಅರ್ಜಿದಾರರಿಗೆ ಮಾಹಿತಿ

ಪೀಠಿಕೆ

ಕೊಪ್ಪಳ ಜಿಲ್ಲೆ, ಗಂಗಾವತಿ ತಾಲ್ಲೂಕಿನ ಸಾಣಾಪುರ ಹಾಗೂ ಸುತ್ತಲಿನ ಗ್ರಾಮಗಳ ನಾಗರಿಕರು ಪಹಣಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ ಮುಂತಾದ ಸೇವೆಗಳನ್ನು ನಾಡಕಚೇರಿ ಅಥವಾ ಗ್ರಾಮ ಒನ್ ಕೇಂದ್ರದಲ್ಲಿ ಪಡೆಯಬಹುದಾಗಿದ್ದು, ಅಂತರಜಾಲದ ಮೂಲಕವೂ ಅರ್ಜಿ ಸಲ್ಲಿಸಲು ಅವಕಾಶವಿರುತ್ತದೆ. ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯುಳ್ಳ ಅಂಗೈ ಸಾಧನಕ್ಕೆ ಸಿಮ್ ಅಳವಡಿಸಿದ ಯುಎಸ್‌ಬಿ ಮೋಡೆಮ್ (ಡಾಂಗಲ್) ಜೋಡಿಸಿ ಅರ್ಜಿ ಸಲ್ಲಿಸುವವರಿಗೆ ಸಂಪರ್ಕವು ನಡುವೆ ಕಡಿತಗೊಂಡಲ್ಲಿ ಅರ್ಜಿಯು ಕಚೇರಿಗೆ ತಲುಪಿದೆಯೇ ಇಲ್ಲವೇ ಎಂಬುದು ತಿಳಿಯದೆ ತೊಂದರೆಯಾಗುವುದುಂಟು. ಆದುದರಿಂದ ಮೋಡೆಮ್ ಜೋಡಿಸುವ ಕ್ರಮ, ದೋಷಗಳ ಲಕ್ಷಣ ಮತ್ತು ಅರ್ಜಿದಾರರು ವಹಿಸಬೇಕಾದ ಎಚ್ಚರಿಕೆಯನ್ನು ಇಲ್ಲಿ ನೀಡಲಾಗಿದೆ.

ಹಿನ್ನೆಲೆ

ಲಿನಕ್ಸ್ ಅಂಗೈ ಸಾಧನಗಳು ಕರ್ನಾಟಕಕ್ಕೆ ಹೊಸತಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯ ತಂತ್ರಜ್ಞರು ಸೇರಿ ರೂಪಿಸಿದ ಸಿಂಪ್ಯೂಟರ್ ಎಂಬ ಸಾಧನದ ಮಾದರಿಯು 2001ರಲ್ಲಿ ಹೊರಬಂದಿತು. ಲಿನಕ್ಸ್ ಆಧಾರಿತವಾದ ಈ ಸಾಧನದಲ್ಲಿ ಯುಎಸ್‌ಬಿ ಸಂಪರ್ಕವಲ್ಲದೆ, ಒಂದೇ ಸಾಧನವನ್ನು ಹಲವರು ಹಂಚಿಕೊಂಡು ಬಳಸಲು ಅನುವಾಗುವಂತೆ ಸ್ಮಾರ್ಟ್ ಕಾರ್ಡ್ ವ್ಯವಸ್ಥೆಯೂ ಇತ್ತು. 2004ರಲ್ಲಿ ಅಮಿಡಾ ಸಿಂಪ್ಯೂಟರ್ ಮಾರುಕಟ್ಟೆಗೆ ಬಂದಿತು. ರಾಜ್ಯದಲ್ಲಿ ಭೂದಾಖಲೆಗಳ ಮಾಹಿತಿ ಸಂಗ್ರಹಣೆಗೂ ಸಿಂಪ್ಯೂಟರ್ ಬಳಕೆಯಾಗಿತ್ತು. ಸದರಿ ಸಾಧನವು ಈಗ ತಯಾರಿಕೆಯಲ್ಲಿಲ್ಲ. ಆದರೆ ಇಂದಿನ ಲಿನಕ್ಸ್ ಅಂಗೈ ಸಾಧನಗಳಿಗೂ ಕೆಳಕಂಡ ತತ್ವಗಳು ಅನ್ವಯಿಸುತ್ತವೆ.

ಮೋಡೆಮ್ ಖರೀದಿಸುವ ಮುನ್ನ

ಹಳೆಯ ಮೋಡೆಮ್‌ಗಳೆಲ್ಲವೂ ಈಗ ಉಪಯೋಗಕ್ಕೆ ಬರುವುದಿಲ್ಲ. ಸಿಡಿಎಂಎ ಸೇವೆಯು ದೇಶದಲ್ಲಿ ನಿಂತುಹೋಗಿರುವುದರಿಂದ ಆ ಬಗೆಯ ಮೋಡೆಮ್‌ಗಳಿಗೆ ಜಾಲವೇ ಇರುವುದಿಲ್ಲ. ಏರ್‌ಟೆಲ್ 2020ರಲ್ಲಿ 3ಜಿ ಸೇವೆಯನ್ನು ಮುಕ್ತಾಯಗೊಳಿಸಿದೆ. 2016ರಲ್ಲಿ ಆರಂಭವಾದ ಜಿಯೋ ಜಾಲದಲ್ಲಿ 3ಜಿ ಇರಲೇ ಇಲ್ಲ. ಆದುದರಿಂದ 4ಜಿ ಮೋಡೆಮ್ ಪಡೆಯುವುದು ಸೂಕ್ತ. ತಮ್ಮ ಊರಿನಲ್ಲಿ ಯಾವ ಕಂಪನಿಯ ಸಿಗ್ನಲ್ ದೊರೆಯುತ್ತದೆ ಎಂಬುದನ್ನು ಮೊದಲು ಮೊಬೈಲ್ ದೂರವಾಣಿಯಲ್ಲಿ ಪರಿಶೀಲಿಸಿಕೊಳ್ಳತಕ್ಕದ್ದು.

ಸಂಪರ್ಕ ಏರ್ಪಡುವ ಹಂತಗಳು

1. ಜೋಡಣೆ: ಅಂಗೈ ಸಾಧನವು ಸಾಮಾನ್ಯವಾಗಿ ಗಣಕಯಂತ್ರಕ್ಕೆ ಅಧೀನವಾಗಿ ಕೆಲಸ ಮಾಡುವಂತೆ ರಚಿತವಾಗಿರುತ್ತದೆ. ಮೋಡೆಮ್ ಬಳಸಬೇಕಾದಲ್ಲಿ ಸಾಧನವೇ ಯಜಮಾನನ ಸ್ಥಾನದಲ್ಲಿರಬೇಕು. ಇದಕ್ಕೆ ಸಾಧನದಲ್ಲಿ ಒಟಿಜಿ ಸೌಲಭ್ಯವಿದ್ದು, ಒಟಿಜಿ ಕೇಬಲ್‌ನಿಂದಲೇ ಜೋಡಿಸಬೇಕು. ಸಾಮಾನ್ಯ ಚಾರ್ಜಿಂಗ್ ಕೇಬಲ್‌ನಿಂದ ಪ್ರಯೋಜನವಿಲ್ಲ.

2. ವಿದ್ಯುತ್: ಯುಎಸ್‌ಬಿ 2.0 ನಿಯಮದಂತೆ ಒಂದು ಸಾಧನಕ್ಕೆ ಗರಿಷ್ಠ 500 ಮಿಲಿಆಂಪಿಯರ್ ವಿದ್ಯುತ್ ದೊರೆಯುತ್ತದೆ. ಅನೇಕ ಅಂಗೈ ಸಾಧನಗಳು ಇದಕ್ಕಿಂತ ಕಡಿಮೆ ನೀಡುತ್ತವೆ. ಸಿಗ್ನಲ್ ದುರ್ಬಲವಾದಷ್ಟೂ ಮೋಡೆಮ್ ಹೆಚ್ಚು ವಿದ್ಯುತ್ ಬಯಸುತ್ತದೆ. ಮೋಡೆಮ್ ದೀಪ ಹತ್ತಿ ಆರುತ್ತಿದ್ದಲ್ಲಿ ಅಥವಾ ಕಡತ ಕಳುಹಿಸುವಾಗಲೇ ಸಂಪರ್ಕ ತಪ್ಪುತ್ತಿದ್ದಲ್ಲಿ ವಿದ್ಯುತ್ ಕೊರತೆಯೇ ಕಾರಣವಿರಬಹುದು. ಪ್ರತ್ಯೇಕ ವಿದ್ಯುತ್ ಸರಬರಾಜು ಇರುವ ಯುಎಸ್‌ಬಿ ಹಬ್ ಬಳಸುವುದು ಇದಕ್ಕೆ ಪರಿಹಾರ.

3. ರೂಪ ಬದಲಾವಣೆ: ಅನೇಕ ಮೋಡೆಮ್‌ಗಳು ಜೋಡಿಸಿದ ಕೂಡಲೇ ಸಿ.ಡಿ. ಡ್ರೈವ್‌ನಂತೆ ಗೋಚರಿಸುತ್ತವೆ. ವಿಂಡೋಸ್‌ಗೆ ಬೇಕಾದ ತಂತ್ರಾಂಶವನ್ನು ಅದರಲ್ಲಿ ಇರಿಸಿರುವುದೇ ಇದಕ್ಕೆ ಕಾರಣ. ಲಿನಕ್ಸ್‌ನಲ್ಲಿ ಯುಎಸ್‌ಬಿ ಮೋಡ್‌ಸ್ವಿಚ್ ಎಂಬ ಉಚಿತ ತಂತ್ರಾಂಶವು ಅದನ್ನು ಮೋಡೆಮ್ ರೂಪಕ್ಕೆ ತರುತ್ತದೆ. ಡ್ರೈವ್ ಮಾತ್ರ ಕಾಣಿಸಿ ಮೋಡೆಮ್ ಕಾಣದಿದ್ದಲ್ಲಿ ಮೋಡೆಮ್ ಕೆಟ್ಟಿದೆಯೆಂದು ತಿಳಿಯದೆ, ಸದರಿ ತಂತ್ರಾಂಶ ಇದೆಯೇ ಎಂದು ಮೊದಲು ನೋಡತಕ್ಕದ್ದು.

4. ಚಾಲಕ ತಂತ್ರಾಂಶ: ರೂಪ ಬದಲಾದ ನಂತರ ಲಿನಕ್ಸ್ ತಿರುಳಿನಲ್ಲಿರುವ ಚಾಲಕವು ಮೋಡೆಮ್ ಅನ್ನು ಗುರುತಿಸಬೇಕು. ಅಂಗೈ ಸಾಧನಗಳಲ್ಲಿ ಸ್ಥಳಾಭಾವದಿಂದ ಈ ಚಾಲಕಗಳನ್ನು ಕೈಬಿಟ್ಟಿರುವ ಸಂಭವವಿದೆ. ಕೆಲವು ಮೋಡೆಮ್‌ಗಳು ಈಥರ್‌ನೆಟ್ ಕಾರ್ಡ್‌ನಂತೆ ಕೆಲಸ ಮಾಡುತ್ತವೆ. ಅವುಗಳಲ್ಲಿ ಸಂಖ್ಯೆ ಡಯಲ್ ಮಾಡುವ ಅಗತ್ಯವಿರುವುದಿಲ್ಲ. ಹೊಸದಾಗಿ ಖರೀದಿಸುವವರಿಗೆ ಇವು ಅನುಕೂಲಕರ.

5. ಜಾಲ ಪ್ರವೇಶ: ಸಿಮ್‌ಗೆ ಪಿನ್ ಸಂಖ್ಯೆ ಇದ್ದಲ್ಲಿ ಅದನ್ನು ಮೊದಲು ನೀಡಬೇಕು. ನಂತರ ಕಂಪನಿಯ ಎಪಿಎನ್ ಹೆಸರನ್ನು ಅಂತರವಿಲ್ಲದೆ ನಮೂದಿಸಬೇಕು. ಬಿಎಸ್‌ಎನ್‌ಎಲ್‌ಗೆ ‘ಬಿಎಸ್‌ಎನ್‌ಎಲ್‌ನೆಟ್’, ಜಿಯೋಗೆ ‘ಜಿಯೋನೆಟ್’ ಎಂಬ ಹೆಸರುಗಳು ಬಳಕೆಯಲ್ಲಿವೆ. ಇವುಗಳನ್ನು ಆಂಗ್ಲದ ಸಣ್ಣ ಅಕ್ಷರಗಳಲ್ಲಿ ಬರೆಯಬೇಕು. ಡಯಲ್ ಮಾಡುವ ಮೋಡೆಮ್‌ಗಳಲ್ಲಿ ಸಾಮಾನ್ಯವಾಗಿ *99# ಸಂಖ್ಯೆ ಬಳಸಲಾಗುತ್ತದೆ. ಸಿಗ್ನಲ್ ಪೂರ್ಣವಿದ್ದೂ ಪುಟ ತೆರೆಯದಿದ್ದಲ್ಲಿ ಎಪಿಎನ್ ಮತ್ತು ಡೇಟಾ ಬಾಕಿಯನ್ನು ಪರಿಶೀಲಿಸತಕ್ಕದ್ದು.

6. ದಿನಾಂಕ: ಬ್ಯಾಟರಿ ಪೂರ್ಣ ಬರಿದಾದಾಗ ಕೆಲವು ಸಾಧನಗಳ ಗಡಿಯಾರ ಹಿಂದಿನ ವರ್ಷಗಳಿಗೆ ಹೋಗುತ್ತದೆ. ದಿನಾಂಕ ತಪ್ಪಿದ್ದಲ್ಲಿ ಸುರಕ್ಷಿತ ಜಾಲತಾಣಗಳು ತೆರೆಯುವುದಿಲ್ಲ. ಅರ್ಜಿ ಆರಂಭಿಸುವ ಮುನ್ನ ದಿನಾಂಕ ಮತ್ತು ಸಮಯವನ್ನು ಸರಿಪಡಿಸಿಕೊಳ್ಳಬೇಕು.

ಸ್ಥಳದ ಪ್ರಭಾವ

ಸಾಣಾಪುರ ಪ್ರದೇಶವು ಬಂಡೆಗಲ್ಲಿನ ಬೆಟ್ಟಗಳಿಂದ ಕೂಡಿದೆ. ಬೆಟ್ಟದ ಮರೆಯಲ್ಲಿ ಮೊಬೈಲ್ ತರಂಗಗಳು ಕ್ಷೀಣಿಸುವುದರಿಂದ ಒಂದೇ ಊರಿನ ಎರಡು ಓಣಿಗಳಲ್ಲಿ ಸಿಗ್ನಲ್ ಬೇರೆಬೇರೆಯಾಗಿರಬಹುದು. ತಗಡಿನ ಛಾವಣಿಯೂ ತರಂಗಗಳನ್ನು ತಡೆಯುತ್ತದೆ. ಇಂತಹ ಕಡೆ ಒಂದೆರಡು ಮೀಟರ್ ಉದ್ದದ ಯುಎಸ್‌ಬಿ ವಿಸ್ತರಣಾ ಕೇಬಲ್‌ನಿಂದ ಮೋಡೆಮ್ ಅನ್ನು ಕಿಟಕಿಯ ಬಳಿ ಎತ್ತರದಲ್ಲಿ ಇರಿಸುವುದು ಉಪಯುಕ್ತ. ತೀರಾ ಉದ್ದದ ಕೇಬಲ್ ಬಳಸಿದಲ್ಲಿ ವಿದ್ಯುತ್ ಒತ್ತಡ ಕುಸಿಯುತ್ತದೆ.

ಅರ್ಜಿದಾರರು ಗಮನಿಸಬೇಕಾದ ಮುಖ್ಯ ಅಂಶಗಳು

• ‘ಸಲ್ಲಿಸು’ ಗುಂಡಿಯನ್ನು ಒತ್ತಿದ ಮಾತ್ರಕ್ಕೆ ಅರ್ಜಿ ಸಲ್ಲಿಕೆಯಾದಂತಲ್ಲ. ಸ್ವೀಕೃತಿ ಸಂಖ್ಯೆ ದೊರೆತ ನಂತರವೇ ಅರ್ಜಿಯು ಕಚೇರಿಗೆ ತಲುಪಿದೆಯೆಂದು ತಿಳಿಯಬೇಕು.

• ಸಕಾಲ ಯೋಜನೆಗೆ ಒಳಪಟ್ಟ ಸೇವೆಗಳ ಸ್ವೀಕೃತಿಯಲ್ಲಿ ಜಿಎಸ್‌ಸಿ ಸಂಖ್ಯೆ ಇರುತ್ತದೆ. 2011ರ ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮದ ಮೇರೆಗೆ, ನಿಗದಿತ ಅವಧಿ ಮೀರಿದಲ್ಲಿ ದಿನಕ್ಕೆ 20 ರೂ.ನಂತೆ ಗರಿಷ್ಠ 500 ರೂ.ವರೆಗೆ ಪರಿಹಾರ ಕೋರಲು ಅವಕಾಶವಿದೆ. ಈ ಸಂಖ್ಯೆ ಇಲ್ಲದಿದ್ದಲ್ಲಿ ವಿಳಂಬವನ್ನು ತೋರಿಸಿಕೊಡುವುದು ಕಷ್ಟ. ಸಂಖ್ಯೆಯನ್ನು ಕೂಡಲೇ ಕಾಗದದ ಮೇಲೆ ಬರೆದಿಟ್ಟುಕೊಳ್ಳತಕ್ಕದ್ದು.

• ಹಣ ಪಾವತಿಯಾಗಿ ಸ್ವೀಕೃತಿ ಬಾರದಿದ್ದಲ್ಲಿ ಕೂಡಲೇ ಎರಡನೆಯ ಬಾರಿ ಪಾವತಿಸಬಾರದು. ಪಾವತಿಯ ವ್ಯವಹಾರ ಸಂಖ್ಯೆಯನ್ನು ಬರೆದುಕೊಂಡು, ಅರ್ಜಿಯ ಸ್ಥಿತಿಯನ್ನು ಮೊದಲು ಪರಿಶೀಲಿಸಬೇಕು.

• ದಾಖಲೆಗಳನ್ನು ಸಂಪರ್ಕ ಪಡೆಯುವ ಮೊದಲೇ ಸಾಧನದಲ್ಲಿ ಸಿದ್ಧಪಡಿಸಿ, ಪುಟದಲ್ಲಿ ಸೂಚಿಸಿದ ಗಾತ್ರಕ್ಕೆ ಇಳಿಸಿಟ್ಟುಕೊಳ್ಳಬೇಕು. ಕೊನೆಯ ದಿನಾಂಕದವರೆಗೆ ಕಾಯಬಾರದು.

• ಸಾಧನವನ್ನು ಹಲವರು ಬಳಸುತ್ತಿದ್ದಲ್ಲಿ, ಕೆಲಸ ಮುಗಿದ ನಂತರ ಲಾಗೌಟ್ ಆಗಿ, ಆಧಾರ್ ಮುಂತಾದ ದಾಖಲೆಗಳ ಪ್ರತಿಗಳನ್ನು ಅಳಿಸಿಹಾಕತಕ್ಕದ್ದು.

ಮೇಲ್ಕಂಡ ಕ್ರಮಗಳಿಂದಲೂ ಸಂಪರ್ಕ ದೊರೆಯದಿದ್ದಲ್ಲಿ ಅರ್ಜಿದಾರರು ಮೂಲ ದಾಖಲೆಗಳೊಂದಿಗೆ ಗ್ರಾಮ ಒನ್ ಕೇಂದ್ರ ಅಥವಾ ಹೋಬಳಿಯ ನಾಡಕಚೇರಿಗೆ ಖುದ್ದಾಗಿ ತೆರಳಿ ಅರ್ಜಿ ಸಲ್ಲಿಸಬಹುದು. ಅಲ್ಲಿಯೂ ಸ್ವೀಕೃತಿಯನ್ನು ಕೇಳಿ ಪಡೆಯತಕ್ಕದ್ದು.