ಮುಪ್ಪಿನ ಲೆಕ್ಕ

ವಯಸ್ಸನ್ನು ವರ್ಷದಿಂದಲ್ಲದೆ ಊರಿನ ದೊಡ್ಡ ಸಂಗತಿಯೊಂದರಿಂದ ಹೇಳುವ ರೂಢಿ ನಮ್ಮ ಹಳ್ಳಿಗಳಲ್ಲಿ ಇದ್ದಿತು. ಹಿರಿಯೂರು ಸೀಮೆಯವರಿಗೆ ಮಾರಿಕಣಿವೆಗಿಂತ ದೊಡ್ಡ ಗುರುತು ಯಾವುದಿದ್ದೀತು? ಆದರೆ ಆ ಕಟ್ಟೆ 1907ರಲ್ಲಿ ಮುಗಿಯುವ ಹೊತ್ತಿಗೆ ಹತ್ತಿರ ಹತ್ತಿರ ಹತ್ತು ವರ್ಷ ಕಳೆದಿದ್ದವು. ಗುರುತೇನೋ ನಿಜ, ಲೆಕ್ಕ ಮಾತ್ರ ಸಡಿಲ.

ಮೈಸೂರು ಸೀಮೆಯಲ್ಲಿ ಕ್ರಮವಾದ ಜನಗಣತಿ ನಡೆದದ್ದು 1871ರಲ್ಲಿ. ಅಂದಿನಿಂದಲೂ ಗಣತಿಯವರನ್ನು ಕಾಡಿದ ತೊಡಕು ಇದೇ. ಐವತ್ತು, ಅರವತ್ತು ಎಂಬ ದುಂಡು ಸಂಖ್ಯೆಗಳಲ್ಲಿ ಜನ ಗುಂಪುಗೂಡುತ್ತಾರೆ. ಐವತ್ತೊಂಬತ್ತರವರು ಕಾಣುವುದೇ ಅಪರೂಪ.

ಹೀಗಿದ್ದೂ ಲೆಕ್ಕ ಒಂದು ಸತ್ಯವನ್ನು ಹೊರಗೆಡಹಿತು. 1911ರಲ್ಲಿ 58,06,193 ಇದ್ದ ಮೈಸೂರಿನ ಜನಸಂಖ್ಯೆ 1921ರಲ್ಲಿ 59,78,892 ಮಾತ್ರ. 1918ರ ಇನ್‌ಫ್ಲುಯೆಂಜಾದ ಪೆಟ್ಟು ಈ ಅಂಕಿಯೊಳಗಿದೆ. ಲೋಕದ ಹಲವೆಡೆ ಸತ್ತವರನ್ನು ವಯಸ್ಸಿನಂತೆ ವಿಂಗಡಿಸಿದಾಗ, ಇಪ್ಪತ್ತರಿಂದ ನಲವತ್ತರ ಗಟ್ಟಿಗರೇ ಹೆಚ್ಚಾಗಿ ಬಿದ್ದುದು ಕಂಡಿತು. ವೃದ್ಧರು ಎಣಿಸಿದ್ದಕ್ಕಿಂತ ಕಡಿಮೆ. ಎಳೆತನದಲ್ಲಿ ಅಂಥದೇ ಜ್ವರವೊಂದನ್ನು ಕಂಡಿದ್ದ ಮೈ ಅದನ್ನು ಮರೆತಿರಲಿಲ್ಲ ಎಂಬುದು ಪಂಡಿತರ ಊಹೆ.

2020ರ ಕೋವಿಡ್‌ನಲ್ಲಿ ಇದು ತಲೆಕೆಳಗಾಯಿತು. ದೇಶದ ಮೊದಲ ಸಾವು ಕಲಬುರಗಿಯ ವೃದ್ಧರೊಬ್ಬರದು. ಮುಪ್ಪಿನಲ್ಲಿ ಎದೆಗೂಡಿನ ಥೈಮಸ್ ಗ್ರಂಥಿ ಕುಗ್ಗಿ, ಹೊಸ ಶತ್ರುವನ್ನು ಎದುರಿಸುವ ಹೊಸ ಕಣಗಳು ಕಡಿಮೆಯಾಗುತ್ತವೆ. ಹಳೆಯ ಶತ್ರುವಿನ ನೆನಪು ಮಾತ್ರ ಬಹುಕಾಲ ಉಳಿಯುತ್ತದೆ. ಬಂದದ್ದು ಹೊಸ ರೋಗ. ಹಳೆಯ ನೆನಪು ಏನು ಮಾಡೀತು? ಆ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರ ಎಲ್ಲ ಜಿಲ್ಲೆಗಳಲ್ಲಿ ರಕ್ತಪರೀಕ್ಷೆಯ ಸಮೀಕ್ಷೆ ನಡೆಸಿದಾಗ ವೃದ್ಧರನ್ನು ಪ್ರತ್ಯೇಕ ವರ್ಗವಾಗಿ ಎಣಿಸಿತು. 2021ರ ಮಾರ್ಚ್ 1ರಿಂದ ಅರವತ್ತು ದಾಟಿದವರಿಗೆ ಲಸಿಕೆ ಆರಂಭವಾಯಿತು.

ಇಂದು ದತ್ತಾಂಶ ವಿಜ್ಞಾನವೆಂಬ ಹೊಸ ಶಾಸ್ತ್ರ ಲಕ್ಷಾಂತರ ದಾಖಲೆಗಳನ್ನು ಗಣಕಯಂತ್ರದಲ್ಲಿ ಜೋಡಿಸಿ, ಯಾರಿಗೆ ಯಾವ ಸೋಂಕು, ಯಾವ ಲಸಿಕೆ ಎಷ್ಟು ಕಾಲ ಎಂದು ತಿಳಿಯಲು ಹೊರಟಿದೆ. ಆದರೆ ಯಂತ್ರಕ್ಕೆ ನಾವು ಕೊಟ್ಟದ್ದೇ ಆಹಾರ. ಹೊಸದುರ್ಗ, ಹೊಳಲ್ಕೆರೆಗಳ ಹಳ್ಳಿಯಲ್ಲಿ ಅಜ್ಜಿಯೊಬ್ಬಳು ಮನೆಯಲ್ಲೇ ಕಣ್ಣು ಮುಚ್ಚಿದರೆ ‘ವಯಸ್ಸಾಗಿತ್ತು’ ಎಂದು ಮಾತು ಮುಗಿಸುತ್ತೇವೆ. ವಯಸ್ಸು ರೋಗವಲ್ಲ. ಕೊನೆಯ ವಾರದ ಕೆಮ್ಮು, ಜ್ವರ ಎಲ್ಲಿಯೂ ಬರಹಕ್ಕೆ ಇಳಿಯುವುದಿಲ್ಲ.

ಜನನ ಮರಣಗಳನ್ನು ಇಪ್ಪತ್ತೊಂದು ದಿನದೊಳಗೆ ತಿಳಿಸಬೇಕೆಂಬ ಕಾನೂನು 1969ರದು. ಗುಮಾಸ್ತರು ವಯಸ್ಸನ್ನೂ ಕಾರಣವನ್ನೂ ಕೇಳಿದಾಗ ಮನೆಯವರು ನಿದಾನಿಸಿ ನೆನೆದು ಹೇಳಿದರೆ, ಸತ್ತವಳ ಲೆಕ್ಕ ಓರಗೆಯ ಅಜ್ಜಿಯರನ್ನು ಉಳಿಸೀತು.