ಗಲ್ಫ್‌ನಿಂದ ಟಿಕೆಟ್ ಬುಕ್ ಆದಾಗಲೇ ಫೋಲಿಕ್ ಆಸಿಡ್: ಬಸುರಿಗೆ ಮೊದಲು ಮತ್ತು ಬಸುರಿಯಲ್ಲಿ ತಗೊಳ್ಳುವ ಮಾತ್ರೆಗಳ ಬಗ್ಗೆ

ನಮ್ಮಲ್ಲಿ ವಿಟಮಿನ್ ಮಾತ್ರೆ ಶುರುವಾಗುವುದು ಸಾಮಾನ್ಯವಾಗಿ ಹೀಗೆ: ತಿಂಗಳು ತಪ್ಪುತ್ತದೆ, ಒಂದೆರಡು ವಾರ ಕಾದು ನೋಡುತ್ತಾರೆ, ಮನೆಯಲ್ಲೇ ಟೆಸ್ಟ್ ಮಾಡುತ್ತಾರೆ, ಉಮ್ಮನಿಗೆ ಹೇಳುತ್ತಾರೆ, ಆಮೇಲೆ ಡಾಕ್ಟರ್ ಹತ್ತಿರ ಹೋಗುತ್ತಾರೆ. ಅಷ್ಟು ಹೊತ್ತಿಗೆ ಎರಡು ತಿಂಗಳು ಆಗಿರುತ್ತದೆ. ಉಳಿದ ಮಾತ್ರೆಗಳಿಗೆ ಇದು ತಡವಲ್ಲ. ಫೋಲಿಕ್ ಆಸಿಡ್‌ಗೆ ಮಾತ್ರ ತಡ.

ಕಾರಣ ಸರಳ. ಮಗುವಿನ ಮಿದುಳು ಮತ್ತು ಬೆನ್ನುಹುರಿ ಮೊದಲು ಒಂದು ಚಪ್ಪಟೆ ಪದರದಂತೆ ಇದ್ದು, ಅದು ಮಡಚಿ ಕೊಳವೆಯಾಗಿ ಮುಚ್ಚಿಕೊಳ್ಳುತ್ತದೆ. ಇದನ್ನು ನರನಾಳ ಎನ್ನುತ್ತಾರೆ. ಗರ್ಭ ನಿಂತು ಸುಮಾರು 28 ದಿನಗಳಲ್ಲಿ ಈ ಕೆಲಸ ಮುಗಿಯುತ್ತದೆ. ಲೆಕ್ಕ ಹಾಕಿ ನೋಡಿ, ಆಗ ಮುಟ್ಟು ತಪ್ಪಿ ಎರಡು ವಾರ ಆಗಿರುತ್ತದೆ ಅಷ್ಟೇ. ನರನಾಳ ಕೆಳಗೆ ಮುಚ್ಚದೆ ಉಳಿದರೆ ಸ್ಪೈನಾ ಬೈಫಿಡಾ: ಮಗುವಿಗೆ ಕಾಲಿನ ಶಕ್ತಿ, ಮೂತ್ರದ ಹತೋಟಿ ಇಲ್ಲದೆ ಹೋಗಬಹುದು. ಮೇಲ್ಭಾಗ ಮುಚ್ಚದಿದ್ದರೆ ಅನೆನ್ಸೆಫಲಿ, ಆ ಮಗು ಬದುಕುವುದಿಲ್ಲ. ಐದನೇ ತಿಂಗಳ ಸ್ಕ್ಯಾನ್‌ನಲ್ಲಿ ಇದು ಗೊತ್ತಾಗಿ ಮನೆಯವರೆಲ್ಲ ಕುಸಿದು ಕೂರುವುದಕ್ಕಿಂತ, ಕೆಲವೇ ರೂಪಾಯಿಯ ಮಾತ್ರೆಯನ್ನು ಮೊದಲೇ ಶುರು ಮಾಡುವುದು ಒಳ್ಳೆಯದಲ್ಲವೇ?

ಹಾಗಾಗಿ ಗರ್ಭ ನಿಲ್ಲುವ ಕನಿಷ್ಠ ಒಂದು ತಿಂಗಳ ಮೊದಲಿನಿಂದ ಮೂರು ತಿಂಗಳು ತುಂಬುವವರೆಗೆ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಬೇಕು. ಗಂಡ ಗಲ್ಫ್‌ನಲ್ಲಿರುವ ಮನೆಗಳಲ್ಲಿ ಇದನ್ನು ಪಾಲಿಸುವುದು ನಿಜಕ್ಕೂ ಸುಲಭ. ರಜೆ ಯಾವಾಗ, ಎಷ್ಟು ದಿನ ಎಂಬುದು ಮೊದಲೇ ಗೊತ್ತಿರುತ್ತದೆ. ಟಿಕೆಟ್ ಬುಕ್ ಆಯ್ತು ಅಂತ ವಾಟ್ಸಾಪ್‌ನಲ್ಲಿ ಬಂದ ದಿನವೇ ಮಾತ್ರೆ ಶುರು ಮಾಡಿ. ಹೊಸ ಜೋಡಿಯಾದರೆ ನಿಕಾಹ್‌ನ ದಿನ ಗೊತ್ತಾದಾಗಲೇ. ಆ ಸಲ ಗರ್ಭ ನಿಲ್ಲದಿದ್ದರೂ ಈ ಪ್ರಮಾಣದಿಂದ ನಷ್ಟವೇನಿಲ್ಲ.

ಒಂದು ಎಚ್ಚರಿಕೆ. ಮೆಡಿಕಲ್‌ನಲ್ಲಿ ಫೋಲಿಕ್ ಆಸಿಡ್ ಕೇಳಿದರೆ ಹೆಚ್ಚಾಗಿ ಕೊಡುವುದು 5 ಮಿಲಿಗ್ರಾಂನದ್ದು, ಅಂದರೆ ಹನ್ನೆರಡು ಪಟ್ಟಿಗಿಂತ ಹೆಚ್ಚು. ಎಲ್ಲರಿಗೂ ಅಷ್ಟು ಬೇಕಿಲ್ಲ. ಬಿ12 ಕೊರತೆ ಇರುವವರಲ್ಲಿ ಹೆಚ್ಚಿನ ಫೋಲಿಕ್ ಆಸಿಡ್ ಆ ಕೊರತೆಯನ್ನು ಮುಚ್ಚಿಡುತ್ತದೆ. ಹೆಚ್ಚಿನ ಡೋಸ್ ಬೇಕಾಗುವುದು ಮೊದಲೊಮ್ಮೆ ಇಂಥ ತೊಂದರೆಯ ಮಗು ಆಗಿದ್ದವರಿಗೆ. 1991ರಲ್ಲಿ ಪ್ರಕಟವಾದ ಬ್ರಿಟನ್‌ನ ಮೆಡಿಕಲ್ ರಿಸರ್ಚ್ ಕೌನ್ಸಿಲ್ ಅಧ್ಯಯನದಲ್ಲಿ ಅಂಥ ತಾಯಂದಿರಿಗೆ ದಿನಕ್ಕೆ 4 ಮಿಲಿಗ್ರಾಂ ಕೊಟ್ಟಾಗ ತೊಂದರೆ ಮರುಕಳಿಸುವುದು 72 ಶೇಕಡಾ ಕಡಿಮೆಯಾಗಿತ್ತು. ಫಿಟ್ಸ್‌ಗೆ ಮಾತ್ರೆ ತಗೊಳ್ಳುವವರು, ಶುಗರ್ ಇರುವವರು ಗರ್ಭಕ್ಕೆ ಮೊದಲೇ ಡಾಕ್ಟರನ್ನು ಕಾಣಲೇಬೇಕು. ಫಿಟ್ಸ್ ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.

"ಹರಿವೆ, ನುಗ್ಗೆ ಸೊಪ್ಪು ತಿಂದರೆ ಸಾಲದೇ?" ಅಂತ ಹಿರಿಯರು ಕೇಳುತ್ತಾರೆ. ಕೇಳುವುದರಲ್ಲಿ ಅರ್ಥವಿದೆ. ಫೋಲಿಕ್ ಎಂಬ ಹೆಸರೇ ಎಲೆ ಎಂಬ ಲ್ಯಾಟಿನ್ ಪದದಿಂದ ಬಂದದ್ದು, 1941ರಲ್ಲಿ ಅದನ್ನು ಬೇರ್ಪಡಿಸಿದ್ದು ಪಾಲಕ್ ಸೊಪ್ಪಿನಿಂದ. ಅದಕ್ಕೂ ಮೊದಲಿನ ಕಥೆ ನಮ್ಮ ದೇಶದ್ದೇ. ಬ್ರಿಟಿಷ್ ವೈದ್ಯೆ ಲೂಸಿ ವಿಲ್ಸ್ ಬಾಂಬೆಯ ಬಡ ಗರ್ಭಿಣಿಯರ ರಕ್ತಹೀನತೆಯನ್ನು ಅಧ್ಯಯನ ಮಾಡಿ, ಯೀಸ್ಟ್‌ನ ಸಾರ ತಿಂದರೆ ಅದು ಗುಣವಾಗುತ್ತದೆ ಎಂದು 1931ರಲ್ಲಿ ಬರೆದರು. ಆ ಸಾರದಲ್ಲಿದ್ದದ್ದು ಇದೇ ಫೋಲೇಟ್. ಸೊಪ್ಪು, ಹೆಸರುಕಾಳು, ಕಡಲೆ ಖಂಡಿತ ತಿನ್ನಿ. ಆದರೆ ಬೇಯಿಸುವಾಗ, ಬೇಯಿಸಿದ ನೀರು ಚೆಲ್ಲುವಾಗ ಫೋಲೇಟ್ ಬಹಳಷ್ಟು ಹೋಗುತ್ತದೆ. ಮಾತ್ರೆ ಬಿಡುವ ಹಾಗಿಲ್ಲ.

ನಾಲ್ಕನೇ ತಿಂಗಳಿಂದ ಕಬ್ಬಿಣ

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ ಗರ್ಭಿಣಿಯರಲ್ಲಿ 52.2 ಶೇಕಡಾ ಮಂದಿಗೆ ರಕ್ತಹೀನತೆ ಇದೆ, ಅಂದರೆ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆ. ಹೆರಿಗೆಯಲ್ಲಿ ರಕ್ತ ಹೋದಾಗ ಇಂಥವರ ಜೀವಕ್ಕೇ ಅಪಾಯ. ಇದಕ್ಕಾಗಿ ಸರಕಾರ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇರುತ್ತದೆ. ನಾಲ್ಕನೇ ತಿಂಗಳಿಂದ ದಿನಕ್ಕೊಂದು, ಕನಿಷ್ಠ 180 ದಿನ. ಅದೇ ಹೊತ್ತಿಗೆ ಕ್ಯಾಲ್ಸಿಯಂ 500 ಮಿಲಿಗ್ರಾಂ, ದಿನಕ್ಕೆರಡು ಸಲ.

ಇವೆರಡನ್ನೂ ಒಟ್ಟಿಗೆ ನುಂಗಬೇಡಿ, ಎರಡು ಗಂಟೆಯಾದರೂ ಅಂತರವಿರಲಿ. ಕ್ಯಾಲ್ಸಿಯಂ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಚಹಾ ಕೂಡ ಹಾಗೆಯೇ. ಊಟ ಮುಗಿದ ಕೂಡಲೇ ಒಂದು ಚಾ ಬೇಕೇ ಬೇಕು ಎನ್ನುವ ನಮ್ಮ ಅಭ್ಯಾಸ ಇಲ್ಲಿ ದೊಡ್ಡ ಶತ್ರು. ಲಿಂಬೆ ಶರಬತ್ತು ಅಥವಾ ನೆಲ್ಲಿಕಾಯಿ ಜೊತೆಗಿದ್ದರೆ ಕಬ್ಬಿಣ ಚೆನ್ನಾಗಿ ಹತ್ತುತ್ತದೆ. ಥೈರಾಯ್ಡ್ ಮಾತ್ರೆ ಇದ್ದರೆ ಅದಕ್ಕೂ ಇವಕ್ಕೂ ನಾಲ್ಕು ಗಂಟೆ ಅಂತರ ಇಡಿ. ಮಲ ಕಪ್ಪಾಗುತ್ತದೆ, ಹೆದರಬೇಡಿ. ಹೊಟ್ಟೆ ತೊಳಸಿದರೆ ರಾತ್ರಿ ಊಟವಾದ ಮೇಲೆ ತಗೊಳ್ಳಿ. ಮಗು ಕಪ್ಪಾಗುತ್ತದೆ, ಮಗು ದೊಡ್ಡದಾಗಿ ಹೆರಿಗೆ ಕಷ್ಟವಾಗುತ್ತದೆ ಎಂಬ ಮಾತುಗಳಲ್ಲಿ ಹುರುಳಿಲ್ಲ.

ರಂಝಾನ್‌ನಲ್ಲಿ ಗರ್ಭಿಣಿಗೆ ಉಪವಾಸದ ರಿಯಾಯಿತಿ ಇದೆ. ಡಾಕ್ಟರ್ ಒಪ್ಪಿ ಉಪವಾಸ ಹಿಡಿಯುವವರು ಇಫ್ತಾರ್ ಊಟದೊಂದಿಗೆ ಕ್ಯಾಲ್ಸಿಯಂ, ಮಲಗುವ ಮುಂಚೆ ಕಬ್ಬಿಣ, ಸಹರಿಗೆ ಇನ್ನೊಂದು ಕ್ಯಾಲ್ಸಿಯಂ ಎಂದು ಹೊಂದಿಸಿಕೊಳ್ಳಬಹುದು.

ಎರಡು ಕಡೆಯ ಚೀಟಿ

ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯವರ ಒಂದು ವಿಶೇಷ ತೊಂದರೆ ಇದು. ಚೆಕಪ್‌ಗೆ ಹೋಗುವುದು ಮಂಗಳೂರಿಗೆ, ಹೆಸರು ಬರೆಸಿರುವುದು ಊರಿನ ಉಪಕೇಂದ್ರದಲ್ಲಿ. ಮಂಗಳೂರಿನ ಡಾಕ್ಟರ್ ಬರೆದ ಮಾತ್ರೆ ಒಂದು ಹೆಸರಿನದ್ದು, ಆಶಾ ಕಾರ್ಯಕರ್ತೆ ಮೂಲಕ ಬರುವುದು ಇನ್ನೊಂದು. ಕೆಲವರು ಎರಡನ್ನೂ ತಿನ್ನುತ್ತಾರೆ. ಕೆಲವರು ಗೊಂದಲದಲ್ಲಿ ಎರಡನ್ನೂ ಬಿಡುತ್ತಾರೆ. ಹೆಸರು ಬೇರೆಯಾದರೂ ಒಳಗಿರುವುದು ಅದೇ ಕಬ್ಬಿಣ. ಸ್ಟ್ರಿಪ್‌ನ ಹಿಂಭಾಗದಲ್ಲಿ ಕಬ್ಬಿಣ ಎಷ್ಟು ಮಿಲಿಗ್ರಾಂ ಎಂದು ಬರೆದಿರುತ್ತದೆ. ಮನೆಯಲ್ಲಿರುವ ಎಲ್ಲ ಸ್ಟ್ರಿಪ್‌ಗಳನ್ನೂ ತಾಯಿ ಕಾರ್ಡನ್ನೂ ಒಂದೇ ಚೀಲದಲ್ಲಿ ಹಾಕಿ, ಪ್ರತಿ ಚೆಕಪ್‌ಗೂ ಒಯ್ದು ಡಾಕ್ಟರ ಮೇಜಿನ ಮೇಲಿಡಿ. ಕಬ್ಬಿಣ ಇರುವುದರಲ್ಲಿ ಯಾವುದಾದರೂ ಒಂದು ಸಾಕು ಎಂದು ಅವರೇ ಹೇಳುತ್ತಾರೆ. ಕ್ಯಾಪ್ಸೂಲ್‌ನ ಜೆಲಾಟಿನ್ ಬಗ್ಗೆ ಸಂಶಯ ಇರುವವರು ಮಾತ್ರೆ ರೂಪದ್ದನ್ನೇ ಕೇಳಿ ಪಡೆಯಬಹುದು. ಸರಕಾರದ ಕೆಂಪು ಮಾತ್ರೆ ಕ್ಯಾಪ್ಸೂಲ್ ಅಲ್ಲ.

ಇನ್ನು ಗಲ್ಫ್‌ನಿಂದ ಪ್ರೀತಿಯಿಂದ ಬರುವ ಮಲ್ಟಿವಿಟಮಿನ್ ಡಬ್ಬಿ ಮತ್ತು ಮೀನೆಣ್ಣೆ. ಕಾಡ್ ಲಿವರ್ ಆಯಿಲ್‌ನಲ್ಲಿ ರೆಟಿನಾಲ್ ರೂಪದ ವಿಟಮಿನ್ ಎ ಇರುತ್ತದೆ, ಅದು ಹೆಚ್ಚಾದರೆ ಮಗುವಿಗೆ ಅಂಗದೋಷ ಬರಬಹುದು. ಗರ್ಭಿಣಿ ಅದನ್ನು ಮುಟ್ಟದಿರುವುದೇ ಲೇಸು. ಆಡಿನ ಲಿವರ್ ಕೂಡ "ರಕ್ತ ಆಗ್ತದೆ" ಅಂತ ದಿನಾ ತಿನ್ನಿಸಬೇಡಿ, ಅದೇ ಕಾರಣಕ್ಕೆ. ಬೂತಾಯಿ, ಬಂಗುಡೆ ಧಾರಾಳವಾಗಿ ತಿನ್ನಲಿ.

ಹೆರಿಗೆಯಾಗಿ ನಲ್ವತ್ತು ಮುಗಿಯುವ ಹೊತ್ತಿಗೆ ಮಾತ್ರೆ ಡಬ್ಬಿ ಮೂಲೆ ಸೇರಿರುತ್ತದೆ. ಕಬ್ಬಿಣ, ಕ್ಯಾಲ್ಸಿಯಂ ಎರಡನ್ನೂ ಹೆರಿಗೆಯ ನಂತರ ಇನ್ನೂ ಆರು ತಿಂಗಳು ತಗೊಳ್ಳಬೇಕು. ಬಾಣಂತಿಯ ಲೇಹ, ಮದ್ದಿನ ಗಂಜಿ ಇದ್ದರೂ ಸರಿಯೇ, ಅದರ ಜೊತೆಗೆ ಇದೂ ಇರಲಿ.