ಒಂದೇ ಫೋಟೋ ನಾಲ್ಕು ಕಡೆ: ಕಂಪ್ಯೂಟರಿಗೆ ಇಳಿಸುವಾಗ ನಕಲು ಚಿತ್ರಗಳ ಗೋಳು

ಸೇಲಂ/ಧರ್ಮಪುರಿ: ಮೆಟ್ಟೂರು ಹಿನ್ನೀರಿನ ಪಕ್ಕದ ಕೊಳತ್ತೂರಿರಲಿ, ಹೊಗೇನಕಲ್ ದಾರಿಯ ಪೆನ್ನಾಗರವಿರಲಿ, ಮನೆಯಲ್ಲೊಂದು ಮದುವೆ ಮುಗಿಯಿತೆಂದರೆ ಫೋಟೋಗಳು ನಾಲ್ಕು ದಾರಿಯಲ್ಲಿ ಬಂದು ಸೇರುತ್ತವೆ. ಸ್ಟುಡಿಯೋದವರು ಕೊಟ್ಟ ಪೆನ್ ಡ್ರೈವ್ ಒಂದು. ಬೆಂಗಳೂರಿನಿಂದ ಬಂದ ಸೋದರಮಾವನ ಕ್ಯಾಮೆರಾ ಇನ್ನೊಂದು. ಮನೆಮಂದಿಯ ಮೊಬೈಲುಗಳು ಮತ್ತೊಂದು. ಇವೆಲ್ಲದರ ಮೇಲೆ ವಾಟ್ಸಾಪ್ ಗುಂಪಿನಲ್ಲಿ ಸುತ್ತಿ ಸುತ್ತಿ ಬಂದ ಅವೇ ಚಿತ್ರಗಳು. ಎಲ್ಲವನ್ನೂ ಒಂದೇ ಕಂಪ್ಯೂಟರಿಗೆ ಇಳಿಸಿದಾಗ ತಾಳಿ ಕಟ್ಟುವ ಗಳಿಗೆ ನಾಲ್ಕು ಸಲ ಬಂದಿರುತ್ತದೆ!

ಜಾಗ ಸಾಲದು ಎಂಬುದು ಸಣ್ಣ ತೊಂದರೆ. ಜಾಗ ಉಳಿಸಲು ಹೋಗಿ ನಕಲೆಂದು ಅಸಲನ್ನೇ ಅಳಿಸಿ ಕೂರುವುದು ದೊಡ್ಡ ತೊಂದರೆ. ಫೋಟೋ ನಿರ್ವಹಣೆ ತಂತ್ರಾಂಶಗಳು 'ಇದು ಈಗಾಗಲೇ ಇದೆ' ಎಂದು ಹೇಳುವಾಗ ಯಾವುದನ್ನು ನೋಡಿ ಹೇಳುತ್ತವೆ ಎಂದು ತಿಳಿದಿದ್ದರೆ ಈ ಅನಾಹುತ ಬಹುಮಟ್ಟಿಗೆ ತಪ್ಪುತ್ತದೆ.

ಹೆಸರು ಒಂದೇ, ಚಿತ್ರ ಬೇರೆ

ಎಲ್ಲಕ್ಕಿಂತ ಅಪಾಯಕಾರಿಯಾದದ್ದು ನಕಲೇ ಅಲ್ಲದ ನಕಲು. ಡಿಜಿಟಲ್ ಕ್ಯಾಮೆರಾಗಳು ಫೈಲಿಗೆ ಹೆಸರಿಡಲು ಒಂದು ಸಾಮಾನ್ಯ ನಿಯಮವನ್ನು ಅನುಸರಿಸುತ್ತವೆ. ಮೊದಲು ನಾಲ್ಕು ಅಕ್ಷರ, ಆಮೇಲೆ 0001ರಿಂದ 9999ರವರೆಗೆ ನಾಲ್ಕು ಅಂಕಿ. ಕ್ಯಾನನ್ ಆದರೆ 'ಐಎಂಜಿ_', ನಿಕಾನ್ ಆದರೆ 'ಡಿಎಸ್‌ಸಿ_'. 9999 ಮುಗಿದ ಮೇಲೆ ಎಣಿಕೆ ಮತ್ತೆ 0001ಕ್ಕೆ ಬರುತ್ತದೆ. ಎಣಿಕೆಯನ್ನು 'ಆಟೋ ರೀಸೆಟ್'ನಲ್ಲಿ ಇಟ್ಟಿದ್ದರಂತೂ ಹೊಸ ಕಾರ್ಡ್ ಹಾಕಿದಾಗಲೆಲ್ಲ ಒಂದರಿಂದಲೇ ಶುರು.

ಆದ್ದರಿಂದ ಒಂದೇ ಮದುವೆಯಲ್ಲಿ ಎರಡು ನಿಕಾನ್ ಕ್ಯಾಮೆರಾಗಳಿದ್ದರೆ ಎರಡರಲ್ಲೂ 'ಡಿಎಸ್‌ಸಿ_0152' ಎಂಬ ಫೈಲ್ ಇರಬಹುದು. ಒಂದರಲ್ಲಿ ಅಜ್ಜಿ, ಇನ್ನೊಂದರಲ್ಲಿ ಅಡುಗೆ ಮನೆ. ಎರಡನ್ನೂ ಒಂದೇ ಫೋಲ್ಡರಿಗೆ ಎಳೆದು ಹಾಕಿದಾಗ ವಿಂಡೋಸ್ ಪ್ರಶ್ನೆ ಕೇಳುತ್ತದೆ: ಹಳೆಯದರ ಜಾಗದಲ್ಲಿ ಹೊಸದನ್ನು ಹಾಕಬೇಕೇ, ಬಿಟ್ಟುಬಿಡಬೇಕೇ? 'ಹಾಕು' ಎಂದರೆ ಅಜ್ಜಿ ಹೋದರು. 'ಬಿಡು' ಎಂದು ಹೇಳಿ ಆಮೇಲೆ ಕಾರ್ಡನ್ನು ಫಾರ್ಮ್ಯಾಟ್ ಮಾಡಿದರೆ ಅಡುಗೆ ಮನೆ ಹೋಯಿತು. ಇಂಥ ಪ್ರಶ್ನೆ ಬಂದಾಗ ಎರಡಕ್ಕೂ ಒಪ್ಪದೆ ರದ್ದು ಮಾಡಿ, ಕಾರ್ಡಿಗೊಂದು ಫೋಲ್ಡರ್ ಮಾಡುವುದೇ ಜಾಣತನ.

ಮೊಬೈಲಿನಲ್ಲಿ ಈ ಕಾಟ ಕಡಿಮೆ. ಬಹುತೇಕ ಆಂಡ್ರಾಯ್ಡ್ ಫೋನುಗಳು ಹೆಸರಿನಲ್ಲೇ ದಿನಾಂಕ, ಗಂಟೆ, ನಿಮಿಷ, ಸೆಕೆಂಡ್ ಸೇರಿಸುತ್ತವೆ. '20190115_183012' ಎಂದಿದ್ದರೆ 2019ರ ಪೊಂಗಲ್ ದಿನ ಸಂಜೆ ಆರೂವರೆಗೆ ತೆಗೆದದ್ದು ಎಂದು ಓದಿಯೇ ಹೇಳಬಹುದು. ಐಫೋನ್ ಮಾತ್ರ ಹಳೇ ಕ್ಯಾಮೆರಾಗಳ ಹಾಗೆ ನಾಲ್ಕಂಕಿಯ ದಾರಿಯಲ್ಲೇ ಇದೆ.

ತಂತ್ರಾಂಶ ಏನನ್ನು ನೋಡುತ್ತದೆ?

ಮೂರು ಬಗೆಯ ಪರೀಕ್ಷೆಗಳು ಬಳಕೆಯಲ್ಲಿವೆ. ಒಂದೊಂದಕ್ಕೂ ಒಂದೊಂದು ಕುರುಡು.

ಮೊದಲನೆಯದು ವಿವರ ಹೋಲಿಸುವುದು. ಸ್ಟುಡಿಯೋದವರು ಹೆಚ್ಚಾಗಿ ಬಳಸುವ ಅಡೋಬಿ ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ, ಇಳಿಸುವ ಪರದೆಯಲ್ಲೇ 'ಅನುಮಾನದ ನಕಲುಗಳನ್ನು ತರಬೇಡ' ಎಂಬ ಆಯ್ಕೆಯಿದೆ. ಮೂಲ ಹೆಸರು, ತೆಗೆದ ದಿನ ಮತ್ತು ಸಮಯ, ಫೈಲಿನ ಗಾತ್ರ ಮೂರೂ ಒಂದೇ ಆಗಿದ್ದರೆ ಅದು ಚಿತ್ರವನ್ನು ಬಿಟ್ಟುಬಿಡುತ್ತದೆ. ಮೇಲೆ ಹೇಳಿದ ಅಜ್ಜಿ ಮತ್ತು ಅಡುಗೆ ಮನೆ ಇಲ್ಲಿ ಪಾರಾಗುತ್ತವೆ, ಏಕೆಂದರೆ ಸಮಯವೂ ಗಾತ್ರವೂ ಬೇರೆ. ಆದರೆ ಲೈಟ್‌ರೂಮ್ ಹೋಲಿಸುವುದು ತನ್ನ ಆಗಿನ ಕ್ಯಾಟಲಾಗ್‌ನೊಳಗೆ ಇರುವ ಚಿತ್ರಗಳ ಜತೆ ಮಾತ್ರ. ಹೊಸ ಕ್ಯಾಟಲಾಗ್ ತೆರೆದರೆ ಅದಕ್ಕೆ ಹಿಂದಿನದೇನೂ ಗೊತ್ತಿಲ್ಲ. ವರ್ಷಕ್ಕೊಂದು ಕ್ಯಾಟಲಾಗ್ ಮಾಡುವವರ ಡಿಸ್ಕಿನಲ್ಲಿ ನಕಲುಗಳು ತುಂಬಿಕೊಳ್ಳುವುದು ಹೀಗೆ.

ಎರಡನೆಯದು ಹ್ಯಾಶ್. ಫೈಲಿನೊಳಗಿನ ಎಲ್ಲ ಅಂಕೆಗಳನ್ನೂ ಒಂದು ಲೆಕ್ಕಕ್ಕೆ ಹಾಕಿದಾಗ ಬರುವ ಚಿಕ್ಕ ಗುರುತು ಅದು, ಹೆಬ್ಬೆಟ್ಟಿನ ಗುರುತಿನ ಹಾಗೆ. ಎಂಡಿ5 ಎಂಬ ಹಳೆಯ ಲೆಕ್ಕದಲ್ಲಿ ಆ ಗುರುತು 32 ಅಕ್ಷರಗಳಷ್ಟು. ಲಿನಕ್ಸ್‌ನಲ್ಲಿ ಬಳಸುವ ಶಾಟ್‌ವೆಲ್ ಇದನ್ನೇ ನೋಡಿ, ಇಳಿಸಿದ ಮೇಲೆ ಇಷ್ಟು ನಕಲುಗಳನ್ನು ತರಲಿಲ್ಲ ಎಂದು ವರದಿ ಕೊಡುತ್ತದೆ. ಗೂಗಲ್ ಫೋಟೋಸ್ ಕೂಡ ಯಥಾವತ್ ಅದೇ ಫೈಲನ್ನು ಎರಡನೇ ಸಲ ಸೇರಿಸಿಕೊಳ್ಳುವುದಿಲ್ಲ. ಹೆಸರು ಬದಲಾಯಿಸಿದರೂ ಹ್ಯಾಶ್ ಬದಲಾಗುವುದಿಲ್ಲ. ಮೂರರಲ್ಲಿ ನಂಬಿಕಸ್ಥ ಪರೀಕ್ಷೆ ಇದೇ. ಹ್ಯಾಶ್ ಒಂದೇ ಎಂದು ಬಂದ ಎರಡು ಫೈಲುಗಳಲ್ಲಿ ಒಂದನ್ನು ಅಳಿಸಲು ಹೆದರಬೇಕಿಲ್ಲ.

ಆದರೆ ಒಂದೇ ಒಂದು ಅಂಕೆ ಬದಲಾದರೂ ಗುರುತು ಪೂರ್ತಿ ಬೇರೆಯಾಗುತ್ತದೆ. ಅಡ್ಡ ಬಿದ್ದ ಫೋಟೋವನ್ನು ನೇರ ಮಾಡಿ ಉಳಿಸಿದರೆ ಸಾಕು, ಹ್ಯಾಶ್‌ಗೆ ಅದು ಹೊಸ ಚಿತ್ರ. ಐಫೋನ್ 2017ರಿಂದ ಹೆಚ್‌ಇಐಸಿ ಎಂಬ ನಮೂನೆಯಲ್ಲಿ ಫೋಟೋ ಉಳಿಸುತ್ತಿದೆ. ಕಂಪ್ಯೂಟರಿಗೆ ಕೇಬಲಿನಲ್ಲಿ ಇಳಿಸುವಾಗ ಅದು ಜೆಪೆಗ್ ಆಗಿ ಬದಲಾಗಿ ಬರಬಹುದು. ಒಂದು ದಾರಿಯಲ್ಲಿ ಹೆಚ್‌ಇಐಸಿ, ಇನ್ನೊಂದು ದಾರಿಯಲ್ಲಿ ಜೆಪೆಗ್: ಚಿತ್ರ ಒಂದೇ, ಹ್ಯಾಶ್ ಎರಡು.

ವಾಟ್ಸಾಪ್ ಕಥೆಯೂ ಇದೇ, ಸ್ವಲ್ಪ ಹೆಚ್ಚು ಕೆಟ್ಟದಾಗಿ. ಫೋಟೋ ಎಂದು ಕಳಿಸಿದ್ದನ್ನು ವಾಟ್ಸಾಪ್ ಕುಗ್ಗಿಸುತ್ತದೆ; ಯಾವಾಗ, ಯಾವ ಕ್ಯಾಮೆರಾದಲ್ಲಿ ತೆಗೆದದ್ದು ಎಂಬ ಒಳವಿವರವನ್ನು ಕಿತ್ತುಹಾಕುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಬಂದು ಕೂರುವ ಫೈಲಿನ ಹೆಸರು 'ಐಎಂಜಿ-20230521-ಡಬ್ಲ್ಯುಎ0003' ಎಂಬ ಮಾದರಿಯದು. ಆ ದಿನಾಂಕ ವಾಟ್ಸಾಪ್‌ನಲ್ಲಿ ಬಂದ ದಿನದ್ದು, ಫೋಟೋ ತೆಗೆದ ದಿನದ್ದಲ್ಲ. ಆದ್ದರಿಂದ ಹೆಸರಿನಲ್ಲಿ 'ಡಬ್ಲ್ಯುಎ' ಕಂಡರೆ ಅದು ನಕಲು, ಅಸಲು ಬೇರೆ ಯಾರದೋ ಫೋನಿನಲ್ಲಿದೆ ಎಂದೇ ತಿಳಿಯಬೇಕು. ಹಾಗೆಂದು ಕೂಡಲೇ ಅಳಿಸುವಂತಿಲ್ಲ. ಆ ಫೋನು ಕಾವೇರಿಗೆ ಬಿದ್ದು ಹೋಗಿದ್ದರೆ ಉಳಿದಿರುವುದು ಈ ಕುಗ್ಗಿದ್ದೇ! ಅಸಲು ಕೈಗೆ ಬಂದ ಮೇಲಷ್ಟೇ 'ಡಬ್ಲ್ಯುಎ' ಫೈಲನ್ನು ಬಿಡಬೇಕು. ಫೋಟೋವನ್ನು ಡಾಕ್ಯುಮೆಂಟ್ ಆಗಿ ಕಳಿಸಿದರೆ ವಾಟ್ಸಾಪ್ ಅದನ್ನು ಕುಗ್ಗಿಸುವುದಿಲ್ಲ. ದೂರದ ನೆಂಟರಿಂದ ಅಸಲು ತರಿಸಿಕೊಳ್ಳಲು ಇದು ಸುಲಭದ ದಾರಿ.

ಪಣ್ಣವಾಡಿಯ ನಂದಿ

ಮೂರನೇ ಪರೀಕ್ಷೆ ಕಣ್ಣಿನ ಹಾಗೆ ನೋಡುವುದು. ಚಿತ್ರವನ್ನು ಬಹಳ ಚಿಕ್ಕದಾಗಿ ಕುಗ್ಗಿಸಿ, ಬೆಳಕು, ಬಣ್ಣ, ಆಕಾರಗಳ ಒಟ್ಟು ರೂಪವನ್ನು ಅಂಕೆಗಳಾಗಿ ಬರೆದಿಟ್ಟುಕೊಂಡು ಹೋಲಿಸುವುದು. ಉಚಿತವಾಗಿ ಸಿಗುವ ಡಿಜಿಕ್ಯಾಮ್‌ನಲ್ಲಿ ಈ ಸೌಲಭ್ಯವಿದ್ದು, ಎಷ್ಟು ಶೇಕಡಾ ಹೋಲಿದರೆ ನಕಲೆನ್ನಬೇಕು ಎಂಬುದನ್ನು ಬಳಸುವವರೇ ನಿಗದಿ ಮಾಡಬಹುದು. ಕುಗ್ಗಿದ ವಾಟ್ಸಾಪ್ ಪ್ರತಿ, ಜೆಪೆಗ್ ಆದ ಹೆಚ್‌ಇಐಸಿ, ಬಣ್ಣ ತಿದ್ದಿದ ಪ್ರತಿ ಎಲ್ಲವೂ ಇದರ ಬಲೆಗೆ ಬೀಳುತ್ತವೆ. ಬೀಳಬಾರದ್ದೂ ಬೀಳುತ್ತದೆ.

ಸೇಲಂ ಜಿಲ್ಲೆಯ ಪಣ್ಣವಾಡಿಯವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. 1934ರಲ್ಲಿ ಮೆಟ್ಟೂರು ಅಣೆಕಟ್ಟು ಮುಗಿದಾಗ ಊರುಗಳ ಜತೆ ಇಲ್ಲಿನ ಜಲಕಂಠೇಶ್ವರ ಗುಡಿ ಮತ್ತು ಒಂದು ಚರ್ಚು ಮುಳುಗಿದವು. ನೀರು ಚೆನ್ನಾಗಿ ಇಳಿದ ಬೇಸಿಗೆಗಳಲ್ಲಿ ಚರ್ಚಿನ ಗೋಪುರವೂ ಗುಡಿಯ ನಂದಿಯೂ ಮೇಲೆ ಕಾಣುತ್ತವೆ. ಆಗ ನೋಡಲು ಬಂದವರೆಲ್ಲ ಕೈಯಲ್ಲಿ ಫೋನು ಹಿಡಿದೇ ಇರುತ್ತಾರೆ. ಅದೇ ನಂದಿ, ಅದೇ ಕೋನ, ಅದೇ ಬಿಳಿ ಆಕಾಶ. ಐದು ವರ್ಷದ ಐದು ಚಿತ್ರಗಳನ್ನು ಹೋಲಿಕೆ ನೋಡುವ ತಂತ್ರಾಂಶದ ಮುಂದಿಟ್ಟರೆ ಅದು ಒಂದನ್ನು ಇಟ್ಟುಕೊಂಡು ನಾಲ್ಕನ್ನು ಬಿಸಾಡಲು ಸಲಹೆ ಕೊಡಬಹುದು. ಅದರ ಲೆಕ್ಕಕ್ಕೆ ಅವು ಒಂದೇ. ಊರವರ ಲೆಕ್ಕಕ್ಕೆ ಹಾಗಲ್ಲ: ನಂದಿಯ ಪೀಠದವರೆಗೆ ನೀರಿದ್ದ ವರ್ಷ ಬೇರೆ, ಕೆಸರು ಒಣಗಿ ಬಿರುಕು ಬಿಟ್ಟ ವರ್ಷ ಬೇರೆ. ಅಣೆಕಟ್ಟಿನ ಪೂರ್ಣ ಮಟ್ಟ 120 ಅಡಿ. ಅಂಕಿ ಸರ್ಕಾರದ ದಾಖಲೆಯಲ್ಲಿ ಸಿಗುತ್ತದೆ, ಆ ಅಂಕಿ ದಡದಲ್ಲಿ ಹೇಗೆ ಕಂಡಿತು ಎಂಬುದು ಈ ಫೋಟೋಗಳಲ್ಲಿ ಮಾತ್ರ.

ಹೊಗೇನಕಲ್‌ನ ಜಲಪಾತ, ಪ್ರತಿ ವರ್ಷದ ತೇರು, ಶಾಲೆಯ ಮೆಟ್ಟಿಲ ಮೇಲೆ ನಿಂತ ತರಗತಿಯ ಗುಂಪು ಚಿತ್ರ, ಎಲ್ಲದಕ್ಕೂ ಇದೇ ಮಾತು.

ಕಾಗದಪತ್ರಗಳ ಚಿತ್ರಗಳಲ್ಲಿ ಗಂಡಾಂತರ ಇನ್ನೂ ಹತ್ತಿರ. ಗಡಿಯ ಹಳ್ಳಿಗಳ ಅನೇಕರ ಫೋನಿನಲ್ಲಿ ಈ ಕಡೆಯ ಪಟ್ಟಾ, ಚಿಟ್ಟಾ, ಆ ಕಡೆಯ ಪಹಣಿ, ರೇಷನ್ ಕಾರ್ಡು ಎಲ್ಲವೂ ಫೋಟೋ ರೂಪದಲ್ಲಿವೆ. ದೂರದಿಂದ ನೋಡುವ ತಂತ್ರಾಂಶಕ್ಕೆ ಬಿಳಿ ಕಾಗದದ ಮೇಲೆ ಕಪ್ಪು ಸಾಲುಗಳೆಲ್ಲ ಒಂದೇ. ಸರ್ವೆ ನಂಬರ್ ಬೇರೆ ಎಂದು ಅದಕ್ಕೆ ಹೇಗೆ ಗೊತ್ತಾಗಬೇಕು? ಹಳೇ ಫೋಟೋಗಳ ಹಿಂಬದಿಯಲ್ಲಿ ತಾತ ಬರೆದ ಹೆಸರು, ತಾರೀಖುಗಳನ್ನು ಸ್ಕ್ಯಾನ್ ಮಾಡಿಟ್ಟಿದ್ದರೆ ಅವೂ ಹೀಗೇ ಒಂದೇ ರಾಶಿಗೆ ಬೀಳಬಹುದು. ಕಾಗದಪತ್ರದ ಫೋಟೋಗಳನ್ನು ಬೇರೆ ಫೋಲ್ಡರಿನಲ್ಲಿಟ್ಟು, ಹೋಲಿಕೆ ಪರೀಕ್ಷೆಯಿಂದ ಹೊರಗೇ ಇಡುವುದು ಕ್ಷೇಮ.

ಪಿಕಾಸಾ ಬಿಟ್ಟುಹೋದ ಆಸ್ತಿ

2004ರಲ್ಲಿ ಗೂಗಲ್ ಕೊಂಡ ಪಿಕಾಸಾ ಒಂದು ಕಾಲಕ್ಕೆ ಮನೆಮನೆಯ ತಂತ್ರಾಂಶವಾಗಿತ್ತು. ಇಳಿಸುವಾಗ ನಕಲುಗಳನ್ನು ಬಿಡುವ ಗುರುತು ಪೆಟ್ಟಿಗೆ ಅದರಲ್ಲೂ ಇತ್ತು. 2016ರ ಮಾರ್ಚ್‌ನಲ್ಲಿ ಗೂಗಲ್ ಅದಕ್ಕೆ ಬೆಂಬಲ ನಿಲ್ಲಿಸಿತು. ತಮಿಳುನಾಡು ಸರ್ಕಾರ 2011ರಿಂದ ವಿದ್ಯಾರ್ಥಿಗಳಿಗೆ ಕೊಟ್ಟ ಉಚಿತ ಲ್ಯಾಪ್‌ಟಾಪ್‌ಗಳಲ್ಲಿ, ಹಳೆಯ ಸ್ಟುಡಿಯೋ ಕಂಪ್ಯೂಟರುಗಳಲ್ಲಿ ಅದರ ಫೋಲ್ಡರುಗಳು ಇನ್ನೂ ಉಳಿದಿರಬಹುದು.

ಇವನ್ನು ಹೊಸ ತಂತ್ರಾಂಶಕ್ಕೆ ಇಳಿಸುವಾಗ ಕೆಲವು ಚಿತ್ರಗಳು ಎರಡೆರಡು ಬರುತ್ತವೆ. ಕಾರಣ, ಪಿಕಾಸಾದಲ್ಲಿ ಚಿತ್ರ ತಿದ್ದಿ ಉಳಿಸಿದಾಗ ತಿದ್ದಿದ್ದು ಮುಂದೆ ಕೂರುತ್ತಿತ್ತು, ತಿದ್ದದ ಅಸಲು 'ಪಿಕಾಸಾಒರಿಜಿನಲ್ಸ್' ಎಂಬ ಅಡಗಿದ ಫೋಲ್ಡರಿಗೆ ಹೋಗುತ್ತಿತ್ತು. ಹೆಸರು ಎರಡಕ್ಕೂ ಒಂದೇ. 'ಇದ್ಯಾವುದೋ ಕಸ' ಎಂದು ಆ ಫೋಲ್ಡರನ್ನು ಅಳಿಸಿದರೆ ಹೋಗುವುದು ಅಸಲೇ. ಮುಖ ಮಾತ್ರ ಉಳಿಸಿಕೊಂಡು ಕತ್ತರಿಸಿದ ಗುಂಪು ಫೋಟೋದಲ್ಲಿ ಉಳಿದ ಹತ್ತು ಜನ ಇರುವುದು ಅಲ್ಲೇ.

ಬ್ಯಾಕಪ್ ನಕಲಲ್ಲ

ಡ್ಯೂಪ್‌ಗುರು, ಚ್ಕಾವ್ಕಾ ಮೊದಲಾದ ಉಚಿತ ಹುಡುಕು ತಂತ್ರಾಂಶಗಳನ್ನು ಓಡಿಸುವಾಗ ಕೆಲವರು ಮೂಲ ಡಿಸ್ಕನ್ನೂ ಬ್ಯಾಕಪ್ ಡಿಸ್ಕನ್ನೂ ಒಟ್ಟಿಗೆ ತೋರಿಸುತ್ತಾರೆ. ಅದು ನಿಷ್ಠೆಯಿಂದ ಬ್ಯಾಕಪ್‌ನ ಪ್ರತಿ ಚಿತ್ರವನ್ನೂ ನಕಲೆಂದು ಹಿಡಿಯುತ್ತದೆ. ಅಳಿಸಿದರೆ ಜಾಗವೇನೋ ಸಿಗುತ್ತದೆ, ಆದರೆ ಡಿಸ್ಕು ಕೆಟ್ಟ ದಿನ ಕೈಯಲ್ಲಿ ಏನೂ ಇರುವುದಿಲ್ಲ. ಹುಡುಕಾಟ ಒಂದು ಡಿಸ್ಕಿನೊಳಗೇ ನಡೆಯಬೇಕು. ಡ್ಯೂಪ್‌ಗುರುವಿನಲ್ಲಿ ಒಂದು ಫೋಲ್ಡರನ್ನು 'ರೆಫರೆನ್ಸ್' ಎಂದು ಗುರುತಿಸಿದರೆ ಅದರೊಳಗಿನ ಫೈಲುಗಳನ್ನು ಅದು ಅಳಿಸುವುದಿಲ್ಲ. ಚೆನ್ನಾಗಿ ಜೋಡಿಸಿಟ್ಟ ಫೋಲ್ಡರಿಗೆ ಈ ಗುರುತು ಹಾಕುವುದು ಒಳ್ಳೆಯದು.

ಗೂಗಲ್ ಫೋಟೋಸ್‌ನಲ್ಲಿ ಎಡವುವವರು ಬಹಳ. 2021ರ ಜೂನ್ 1ರಿಂದ ಉಚಿತ ಅಪರಿಮಿತ ಜಾಗ ನಿಂತು, ಮೇಲ್ ಮತ್ತು ಡ್ರೈವ್ ಸೇರಿ 15 ಜಿಬಿ ಲೆಕ್ಕಕ್ಕೆ ಬಂದಿದೆ. ತಲಾ 4 ಎಂಬಿಯ 3,000 ಚಿತ್ರಗಳಿಗೇ 12 ಜಿಬಿ ಬೇಕು. ಆದ್ದರಿಂದ ನಕಲು ಅಳಿಸುವ ಆತುರ ಸಹಜವೇ. ಆದರೆ 'ಅಲ್ಲಿಂದ ಅಳಿಸಿದರೂ ಫೋನಿನಲ್ಲಿ ಇರುತ್ತದೆ' ಎಂಬ ನಂಬಿಕೆ ತಪ್ಪು. ಬ್ಯಾಕಪ್ ಆಗಿರುವ ಚಿತ್ರವನ್ನು ಆ ಆ್ಯಪ್‌ನಲ್ಲಿ ಅಳಿಸಿದರೆ ಫೋನಿನಿಂದಲೂ ಹೋಗುತ್ತದೆ. ಫೋನಿನ ಜಾಗ ಮಾತ್ರ ಬಿಡಿಸಬೇಕೆಂದರೆ 'ಫ್ರೀ ಅಪ್ ಸ್ಪೇಸ್' ಎಂಬ ಬೇರೆ ಗುಂಡಿಯಿದೆ. ತಪ್ಪಾಗಿ ಅಳಿಸಿದ, ಬ್ಯಾಕಪ್ ಆಗಿದ್ದ ಚಿತ್ರ 60 ದಿನ ಕಸದ ಬುಟ್ಟಿಯಲ್ಲಿರುತ್ತದೆ. ಐಫೋನ್‌ನಲ್ಲಿ 2022ರಿಂದ ನಕಲುಗಳನ್ನು ತಾನೇ ಹುಡುಕಿ ಒಂದುಗೂಡಿಸುವ ಸೌಲಭ್ಯ ಬಂದಿದೆ. ಅಲ್ಲಿ ಅಳಿಸಿದ್ದನ್ನು ಹಿಂದಕ್ಕೆ ಪಡೆಯಲು 30 ದಿನ. ಪೆನ್ ಡ್ರೈವ್‌ನಿಂದ ಅಳಿಸಿದ್ದಕ್ಕೆ ಮಾತ್ರ ವಿಂಡೋಸ್‌ನ ಬುಟ್ಟಿಯೂ ಇಲ್ಲ, ನೇರ ಹೋದಂತೆ.

ಮೊದಲೇ ತಪ್ಪಿಸುವುದು

ಗಡಿಯ ಮನೆಗಳಿಗೆ ವಿಶೇಷವಾದ ಒಂದು ಕಾರಣವೂ ಇದೆ. ಅಣ್ಣ ಫೋಲ್ಡರಿಗೆ 'ಮದುವೆ' ಎಂದು ಕನ್ನಡದಲ್ಲಿ ಹೆಸರಿಡುತ್ತಾನೆ. ತಮಿಳು ಶಾಲೆಯಲ್ಲಿ ಓದಿದ ತಂಗಿ ಅದೇ ಚಿತ್ರಗಳನ್ನು 'ಕಲ್ಯಾಣಂ' ಎಂದು ತಮಿಳಿನಲ್ಲಿ ಇಡುತ್ತಾಳೆ. ಪಟ್ಟಿಯಲ್ಲಿ ಎರಡೂ ದೂರ ದೂರ ಕೂರುವುದರಿಂದ ಒಬ್ಬರದು ಇನ್ನೊಬ್ಬರ ಕಣ್ಣಿಗೆ ಬೀಳುವುದೇ ಇಲ್ಲ. ವರ್ಷ, ತಿಂಗಳು, ದಿನವನ್ನು ಅಂಕಿಯಲ್ಲಿ ಮೊದಲು ಬರೆದು (2023-05-21 ಎಂಬಂತೆ), ಆಮೇಲೆ ಯಾವ ಭಾಷೆಯಲ್ಲಿ ಬೇಕಾದರೂ ಹೆಸರಿಟ್ಟರೆ ಎರಡೂ ಅಕ್ಕಪಕ್ಕ ಬಂದು ಕೂರುತ್ತವೆ.

ಮದುವೆಗೆ ಮುನ್ನ ಕ್ಯಾಮೆರಾದ ಗಡಿಯಾರ ಸರಿ ಮಾಡಿಕೊಳ್ಳುವುದು ಇನ್ನೊಂದು ಚಿಕ್ಕ ಕೆಲಸ. ಬ್ಯಾಟರಿ ಬಹಳ ದಿನ ತೆಗೆದಿಟ್ಟ ಕ್ಯಾಮೆರಾ ದಿನಾಂಕ ಮರೆತಿರುತ್ತದೆ. ಆಗ ಸಮಯ ನೋಡಿ ಹೋಲಿಸುವ ಪರೀಕ್ಷೆಗಳೂ ದಾರಿ ತಪ್ಪುತ್ತವೆ.

ಈಗಾಗಲೇ ಗೋಜಲಾಗಿದ್ದರೆ ಕೆಲಸದ ಕ್ರಮ ಹೀಗಿರಲಿ: ಎಲ್ಲವನ್ನೂ ಹಾಗೆಯೇ ಒಂದು ಹೊರ ಡಿಸ್ಕಿಗೆ ನಕಲು ಮಾಡಿ ಅದನ್ನು ಬೀರುವಿನಲ್ಲಿಡುವುದು. ಆಮೇಲೆ ಹ್ಯಾಶ್ ಪರೀಕ್ಷೆ ನಡೆಸಿ, ಸಿಕ್ಕಿದ್ದನ್ನು ಅಳಿಸುವುದು. ಅದು ಮುಗಿದ ಮೇಲೆ ಹೋಲಿಕೆ ಪರೀಕ್ಷೆ ನಡೆಸಿ, ಅಲ್ಲಿ ಮಾತ್ರ ಯಂತ್ರದ ಮಾತು ಕೇಳದೆ, ಒಂದೊಂದು ಜೋಡಿಯನ್ನೂ ಮನೆಯ ಹಿರಿಯರ ಜತೆ ಕೂತು ನೋಡುವುದು. ಗಾತ್ರ ದೊಡ್ಡದಿರುವುದು, ಒಳವಿವರ ಉಳಿದಿರುವುದು ಇಟ್ಟುಕೊಳ್ಳಬೇಕಾದದ್ದು. ಅನುಮಾನ ಬಂದ ಜೋಡಿಯನ್ನು ಅಳಿಸದೆ 'ನೋಡಬೇಕು' ಎಂಬ ಫೋಲ್ಡರಿಗೆ ಹಾಕಿದರೆ ಆಯಿತು. ಬೀರುವಿನಲ್ಲಿರುವ ಡಿಸ್ಕನ್ನು ಇನ್ನೊಂದು ಹಬ್ಬ ಕಳೆಯುವವರೆಗಾದರೂ ಮುಟ್ಟಬಾರದು.